ಡಿಲೀಟ್ ಆದ ಪಾರ್ಟಿಷನ್‌ನಿಂದ ಫೈಲ್ ವಾಪಸ್ ತೆಗೆಯೋದು ಹೇಗೆ? ಅದರ ಮೇಲೆ ಫಾರ್ಮ್ಯಾಟ್ ಕೂಡ ಆಗಿದೆ

ನಕ್ಷೆಮನೆ

ಎಲ್ಲರಿಗೂ ನಮಸ್ಕಾರ. ಕೈ ಇನ್ನೂ ನಡುಗುತ್ತಿದೆ. ಏನಾದರೂ ಹೇಳುವುದು ಬಿಟ್ಟಿದ್ದರೆ ಕೇಳಿ.

ನಾನು ಮನೆಗಳ ನಕ್ಷೆ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇವೆ. ವಿಂಡೋಸ್ ಇರೋದು ಒಂದು ಚಿಕ್ಕ ಎಸ್‌ಎಸ್‌ಡಿಯಲ್ಲಿ. ಕೆಲಸವೆಲ್ಲ ಇರೋದು 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ. ಅದರಲ್ಲಿ ಎರಡು ಪಾರ್ಟಿಷನ್ ಮಾಡಿಕೊಂಡಿದ್ದೆ. ಡಿ ಡ್ರೈವ್ 300 ಜಿಬಿ, ಅದರಲ್ಲಿ ಒಂಬತ್ತು ವರ್ಷದ ಆಟೋಕ್ಯಾಡ್ ಡ್ರಾಯಿಂಗ್‌ಗಳು. ಇ ಡ್ರೈವ್ ಮಿಕ್ಕ 631 ಜಿಬಿ, ಅದರಲ್ಲಿ ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋ, ವೀಡಿಯೋ.

ನಿನ್ನೆ ರಾತ್ರಿ ವಿಂಡೋಸ್ ಹೊಸದಾಗಿ ಹಾಕಲು ಕೂತೆ. ಎಲ್ಲಿ ಹಾಕಬೇಕು ಅಂತ ಕೇಳುವ ಪರದೆಯಲ್ಲಿ ಡ್ರೈವ್ 0, ಡ್ರೈವ್ 1 ಅಂತಷ್ಟೇ ಇತ್ತು. ಡಿ, ಇ ಅನ್ನುವ ಅಕ್ಷರ ಎಲ್ಲೂ ಇರಲಿಲ್ಲ. ಡ್ರೈವ್ 0 ಅಂದರೆ ವಿಂಡೋಸ್ ಇರುವ ಡಿಸ್ಕೇ ಅಂದುಕೊಂಡು ಅದರ ಎರಡೂ ಪಾರ್ಟಿಷನ್ ಡಿಲೀಟ್ ಮಾಡಿದೆ. ಖಾಲಿ ಜಾಗ 931 ಜಿಬಿ ಅಂತ ತೋರಿಸಿದಾಗಲೇ ಎದೆ ಧಸಕ್ ಅಂದಿದ್ದು. ನನ್ನ ಎಸ್‌ಎಸ್‌ಡಿ ಅಷ್ಟು ದೊಡ್ಡದಿಲ್ಲ.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ವಿಂಡೋಸ್ ಎಸ್‌ಎಸ್‌ಡಿಗೆ ಹಾಕಿ ಮುಗಿಸಿ, ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ, ಆ 931 ಜಿಬಿಗೆ ಪೂರ್ತಿಯಾಗಿ ಒಂದೇ ಹೊಸ ವಾಲ್ಯೂಮ್ ಮಾಡಿಬಿಟ್ಟೆ. ಡ್ರೈವ್ ಅಕ್ಷರ ಬಂದರೆ ತಾನೆ ರಿಕವರಿ ಸಾಫ್ಟ್‌ವೇರಿಗೆ ಕಾಣೋದು ಅಂತ ಅನ್ನಿಸಿತ್ತು. ಕ್ವಿಕ್ ಫಾರ್ಮ್ಯಾಟ್ ಟಿಕ್ ಇತ್ತು, ಎನ್‌ಟಿಎಫ್‌ಎಸ್ ಆಯ್ಕೆ ಇತ್ತು. ಕೆಲವೇ ಸೆಕೆಂಡಿನಲ್ಲಿ ಮುಗಿಯಿತು.

ಅದಕ್ಕೆ ಒಂದು ಫೈಲನ್ನೂ ಕಾಪಿ ಮಾಡಿಲ್ಲ. ಏನಾದರೂ ಉಳಿದಿದೆಯಾ?

ತಿರುಗುಬಾಣ

ಗಾಬರಿ ಬೇಡ. ಟೆಸ್ಟ್‌ಡಿಸ್ಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ತೆರೆಯಿರಿ, ಡಿಸ್ಕ್ ಆರಿಸಿ, ಅನಲೈಸ್ ಒತ್ತಿ, ಕ್ವಿಕ್ ಸರ್ಚ್ ಕೊಡಿ. ಹಳೇ ಪಾರ್ಟಿಷನ್ ಕಾಣಿಸಿದರೆ ರೈಟ್ (ಡಿಸ್ಕಿಗೆ ಬರೆ ಅನ್ನುವ ಆಯ್ಕೆ) ಒತ್ತಿ, ರೀಸ್ಟಾರ್ಟ್ ಮಾಡಿ. ನಾನು ಎರಡು ಸಲ ಹೀಗೆ ವಾಪಸ್ ತಂದಿದ್ದೇನೆ. ಹತ್ತು ನಿಮಿಷದ ಕೆಲಸ.

ಸೊನ್ನೆಒಂದು

ನಕ್ಷೆಮನೆ ಅವರೇ, ಮೊದಲು ಕಂಪ್ಯೂಟರ್ ಆಫ್ ಮಾಡಿ ಆ ಹಾರ್ಡ್ ಡಿಸ್ಕಿನ ವೈರ್ ತೆಗೆದುಬಿಡಿ. ಆಮೇಲೆ ಇದನ್ನು ಓದಿ.

ತಿರುಗುಬಾಣ ಅವರೇ, ಬರೀ ಡಿಲೀಟ್ ಆಗಿದ್ದರೆ ನಿಮ್ಮ ದಾರಿ ಸರಿ. ಇಲ್ಲಿ ಮೇಲೆ ಹೊಸ ಫಾರ್ಮ್ಯಾಟ್ ಆಗಿದೆ. ಹಾಗಾಗಿ ಈಗ ರೈಟ್ ಒತ್ತುವುದು ಬೇಡ. ಯಾಕೆ ಅಂತ ಹೇಳುತ್ತೇನೆ.

ಹಳೇ ಎಂಬಿಆರ್ ಪದ್ಧತಿಯ ಡಿಸ್ಕಿನಲ್ಲಿ ಪಾರ್ಟಿಷನ್ ಅನ್ನೋದು 16 ಬೈಟಿನ ಒಂದು ಸಾಲು, ಅಷ್ಟೇ. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್, ಅಂದರೆ ಡಿಸ್ಕ್ ಓದಿ ಬರೆಯುವ ಚಿಕ್ಕ ತುಂಡು, 512 ಬೈಟ್ ಇರುತ್ತೆ. ಅದರಲ್ಲಿ 446ನೇ ಬೈಟ್‌ನಿಂದ ಇಂಥ ನಾಲ್ಕು ಸಾಲು ಹಿಡಿಯುವಷ್ಟು ಜಾಗ. ಇಂಥ ಸೆಕ್ಟರ್‌ನಿಂದ ಶುರು, ಇಷ್ಟು ಸೆಕ್ಟರ್ ಉದ್ದ ಅಂತ ಪ್ರತಿ ಸಾಲಿನಲ್ಲಿ ಬರೆದಿರುತ್ತೆ. ಡಿಲೀಟ್ ಅಂದರೆ ಆ ಸಾಲನ್ನು ಅಳಿಸೋದು. ನಿಮ್ಮ 931 ಜಿಬಿಯಲ್ಲಿ ನಿಜವಾಗಿ ಬದಲಾಗಿದ್ದು 32 ಬೈಟ್. ಡ್ರಾಯಿಂಗ್, ಫೋಟೋ ಎಲ್ಲ ಇದ್ದಲ್ಲೇ ಇದ್ದವು. ಹೊಸ ಜಿಪಿಟಿ ಪದ್ಧತಿಯ ಡಿಸ್ಕಾದರೆ ಪಾರ್ಟಿಷನ್ ಪಟ್ಟಿ ಇನ್ನೂ ದೊಡ್ಡದು, 128 ಸಾಲಿನದು. ಅದರ ಒಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತೆ.

ಇನ್ನು ಕ್ವಿಕ್ ಫಾರ್ಮ್ಯಾಟ್. ಅದು ಡಿಸ್ಕನ್ನು ಒರೆಸುವುದಿಲ್ಲ, ಹೊಸ ಖಾಲಿ ಲೆಕ್ಕದ ಪುಸ್ತಕ ಇಟ್ಟು ಹೋಗುತ್ತೆ. ಟಿಕ್ ತೆಗೆದು ಫುಲ್ ಫಾರ್ಮ್ಯಾಟ್ ಕೊಟ್ಟಿದ್ದರೆ ಕಥೆ ಬೇರೆ ಇತ್ತು. ವಿಂಡೋಸ್ ವಿಸ್ತಾದಿಂದ ಈಚೆಗೆ ಫುಲ್ ಫಾರ್ಮ್ಯಾಟ್ ಅಂದರೆ ಇಡೀ ವಾಲ್ಯೂಮಿಗೆ ಸೊನ್ನೆ ಬರೆಯುತ್ತೆ. ಆ ಟಿಕ್ ಇದ್ದಿದ್ದು ನಿಮ್ಮ ಪುಣ್ಯ.

ವಿಂಡೋಸ್ ಫೈಲ್ ಇಡುವ ಪದ್ಧತಿಯಾದ ಎನ್‌ಟಿಎಫ್‌ಎಸ್‌ನಲ್ಲಿ ಆ ಪುಸ್ತಕದ ಹೆಸರು ಎಂಎಫ್‌ಟಿ. ಒಂದೊಂದು ಫೈಲಿಗೂ, ಒಂದೊಂದು ಫೋಲ್ಡರಿಗೂ ಅದರಲ್ಲಿ ಸಾಮಾನ್ಯವಾಗಿ 1024 ಬೈಟಿನ ಒಂದು ದಾಖಲೆ. ಹೆಸರು, ತಾರೀಕು, ಡಿಸ್ಕಿನಲ್ಲಿ ಎಲ್ಲೆಲ್ಲಿ ಕೂತಿದೆ, ಯಾವ ಫೋಲ್ಡರಿನ ಒಳಗಿದೆ, ಎಲ್ಲ ಅಲ್ಲೇ. ದೊಡ್ಡ ವಾಲ್ಯೂಮನ್ನು ವಿಂಡೋಸ್ ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಎಂಎಫ್‌ಟಿ ಶುರುವಾಗೋದು 786432ನೇ ಕ್ಲಸ್ಟರಿನಲ್ಲಿ. ಒಂದು ಕ್ಲಸ್ಟರ್, ಅಂದರೆ ಫೈಲಿಗೆ ಜಾಗ ಅಳೆದು ಕೊಡುವ ತುಂಡು, 4 ಕೆಬಿ ಆದರೆ ವಾಲ್ಯೂಮಿನ ಶುರುವಿನಿಂದ ಸರಿಯಾಗಿ 3 ಜಿಬಿ ದೂರ.

ನಿಮ್ಮ ಹಳೇ ಡಿ ಎಲ್ಲಿ ಶುರುವಾಗಿತ್ತೋ ಹೊಸ ವಾಲ್ಯೂಮೂ ಬಹುಶಃ ಅಲ್ಲೇ ಶುರುವಾಗಿದೆ. ಹಾಗಾದರೆ ಹೊಸ ಎಂಎಫ್‌ಟಿ ಹೋಗಿ ಕೂತಿರೋದು ಹಳೇ ಡಿಯ ಎಂಎಫ್‌ಟಿ ಮೇಲೇ. ಹೊಸದು ಖಾಲಿ, ಹಾಗಾಗಿ ತುಂಬ ಚಿಕ್ಕದು. ಹಳೆಯದರ ಮೊದಲ ಒಂದಷ್ಟು ದಾಖಲೆ ಮಾತ್ರ ಹೋಗಿರುತ್ತೆ, ಉಳಿದ ಸಾವಿರಾರು ದಾಖಲೆ ಹಾಗೇ ಇರುತ್ತೆ. ಇ ಡ್ರೈವ್ ಇದ್ದಿದ್ದು ಡಿಯ 300 ಜಿಬಿ ದಾಟಿ ಆಚೆಗೆ. ಅದನ್ನು ಹೊಸ ಫಾರ್ಮ್ಯಾಟ್ ಹೆಚ್ಚುಕಡಿಮೆ ಮುಟ್ಟಿಯೇ ಇರುವುದಿಲ್ಲ.

ಅಂದರೆ ಮಗಳ ಫೋಟೋ ಬರುತ್ತೆ ಅನ್ನುವ ಧೈರ್ಯ ನನಗಿದೆ. ಡ್ರಾಯಿಂಗಿಗೆ ಸ್ವಲ್ಪ ಕಷ್ಟಪಡಬೇಕು.

ಈಗ ರೈಟ್ ಒತ್ತಿ ಹಳೇ ಡಿ ವಾಪಸ್ ತಂದಿರಿ ಅಂತಿಟ್ಟುಕೊಳ್ಳಿ. ವಿಂಡೋಸ್ ಅದನ್ನು ತೆರೆದು ನೋಡುತ್ತೆ. ಪುಸ್ತಕದ ಮೊದಲ ಹಾಳೆಗಳು ಹೊಸವು, ಹಿಂದಿನವು ಹಳೆಯವು. ಒಂದಕ್ಕೊಂದು ತಾಳೆ ಆಗಲ್ಲ. ಚೆಕ್‌ಡಿಸ್ಕ್ ಓಡಿಸಿ ರಿಪೇರಿಗೆ ಹೊರಡುತ್ತೆ. ಅದರ ಲೆಕ್ಕದಲ್ಲಿ ರಿಪೇರಿ ಅಂದರೆ ತಾಳೆ ಆಗದ್ದನ್ನು ಕಿತ್ತು ಹಾಕೋದು. ಹಾಗೆ ಕಿತ್ತು ಹೋಗುವ ಹಳೇ ದಾಖಲೆಗಳೇ ನಮಗೆ ಬೇಕಾಗಿರೋದು.

ನಕ್ಷೆಮನೆ

ವೈರ್ ತೆಗೆದಿದ್ದೇನೆ. ನಿಮ್ಮ ಉತ್ತರ ಮೂರು ಸಲ ಓದಿದೆ. ಫೋಟೋ ಬರುತ್ತೆ ಅಂದಿರಲ್ಲ, ಅಲ್ಲಿ ಉಸಿರು ಬಂತು.

ಮುಂದೆ ಏನು ಮಾಡಲಿ? ಮನೆಯಲ್ಲಿ ಇನ್ನೊಂದು 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಖಾಲಿ ಇದೆ.

ಗುಬ್ಬಿಗೂಡು

ಮೊದಲು ಡಿಸ್ಕಿನ ಪೂರ್ತಿ ಇಮೇಜ್ ತೆಗೆಯಿರಿ. ಫೈಲ್‌ಗಳ ಕಾಪಿ ಅಲ್ಲ. ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ, ಖಾಲಿ ಅಂತ ಕಾಣುವ ಜಾಗವೂ ಸೇರಿ, ಇದ್ದದ್ದು ಇದ್ದ ಹಾಗೆ. ಮುಂದಿನ ಕೆಲಸವೆಲ್ಲ ಆ ಇಮೇಜ್ ಮೇಲೆ. ಮೂಲ ಡಿಸ್ಕ್ ಕಪಾಟಿನಲ್ಲಿ ಇರಲಿ.

1 ಟಿಬಿ ಡಿಸ್ಕಿನ ಇಮೇಜ್ ಇನ್ನೊಂದು 1 ಟಿಬಿ ಡಿಸ್ಕಿನಲ್ಲಿ ಫೈಲಾಗಿ ಹಿಡಿಸುವುದಿಲ್ಲ. ಫೈಲ್ ಸಿಸ್ಟಮ್ ತನಗೆ ಅಂತ ಒಂಚೂರು ಜಾಗ ತಗೊಳ್ಳುತ್ತೆ, ಅಷ್ಟಕ್ಕೇ ಕೊರತೆ ಬೀಳುತ್ತೆ. ಡಿಸ್ಕಿನಿಂದ ಡಿಸ್ಕಿಗೆ ನೇರ ಕ್ಲೋನ್ ಮಾಡಬಹುದು, ಆದರೆ ಎರಡನೆಯದು ಒಂದು ಸೆಕ್ಟರ್ ಕೂಡ ಚಿಕ್ಕದಿರಬಾರದು. ಜೊತೆಗೆ ವಾಪಸ್ ಬಂದ ಫೈಲ್ ಇಡಲು ಬೇರೆ ಜಾಗ ಬೇಕೇ ಬೇಕು. ಎರಡಕ್ಕೂ ಸೇರಿ 2 ಟಿಬಿಯ ಡಿಸ್ಕ್ ಸಿಕ್ಕರೆ ಒಳ್ಳೇದು. ಸ್ನೇಹಿತರ ಹತ್ತಿರ ಎರಡು ವಾರಕ್ಕೆ ಕೇಳಿ ನೋಡಿ.

ಇಮೇಜ್ ತೆಗೆಯಲು ನಾನು ಬಳಸೋದು ಲಿನಕ್ಸ್‌ನ ಡಿಡಿರೆಸ್ಕ್ಯೂ. ಪೆನ್ ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಓಡಿಸಬಹುದು. ಇದರಲ್ಲಿ ಮ್ಯಾಪ್ ಫೈಲ್ ಅಂತ ಇರುತ್ತೆ. ಎಲ್ಲಿವರೆಗೆ ಓದಿದೆ, ಎಲ್ಲಿ ಓದಲು ಆಗಲಿಲ್ಲ ಅಂತ ಅದರಲ್ಲಿ ಬರೆದಿಡುತ್ತೆ. ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಕೆಟ್ಟ ಸೆಕ್ಟರ್ ಬಂದರೆ ಅಲ್ಲೇ ಕೂತು ಗುದ್ದಾಡುವುದಿಲ್ಲ. ಚೆನ್ನಾಗಿರೋ ಭಾಗ ಮೊದಲು ಎತ್ತಿಕೊಂಡು, ಆಮೇಲೆ ಕೆಟ್ಟದ್ದರ ಹತ್ತಿರ ವಾಪಸ್ ಬರುತ್ತೆ.

ಆಜ್ಞೆ ಕೊಡುವಾಗ ಯಾವುದು ಮೂಲ, ಯಾವುದು ಗುರಿ ಅಂತ ಎರಡು ಸಲ ನೋಡಿ. ಅದು ತಿರುಗುಮುರುಗಾದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತೆ. ಡಿಸ್ಕ್ ಮೇಲೆ ಅಂಟಿಸಿರುವ ಸೀರಿಯಲ್ ನಂಬರ್, ಪರದೆ ಮೇಲಿನ ನಂಬರ್ ಎರಡನ್ನೂ ಕಾಗದದಲ್ಲಿ ಬರೆದುಕೊಂಡು ತಾಳೆ ನೋಡಿ. ನಾನು ಪ್ರತಿ ಸಲ ಹಾಗೇ ಮಾಡೋದು.

ಸಮಯ: ಕಂಪ್ಯೂಟರಿಗೆ ನೇರ ಸಿಕ್ಕಿಸಿದ ಅಥವಾ ಯುಎಸ್‌ಬಿ 3ರಲ್ಲಿರುವ ಆರೋಗ್ಯವಂತ ಡಿಸ್ಕಾದರೆ ಎರಡೂವರೆ, ಮೂರು ಗಂಟೆ. ಹಳೇ ಯುಎಸ್‌ಬಿ 2 ಆದರೆ ರಾತ್ರಿಯೆಲ್ಲ ಬಿಡಬೇಕು.

ಹಳೇಡಿಸ್ಕ್

ಇಮೇಜಿಗೂ ಮೊದಲು ಡಿಸ್ಕಿನ ಆರೋಗ್ಯ ನೋಡಿಬಿಡಿ. ಒಂದು ನಿಮಿಷ ಸಾಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಸಾಫ್ಟ್‌ವೇರ್ ಡಿಸ್ಕಿನ ಸ್ಮಾರ್ಟ್ ಅಂಕಿಗಳನ್ನು ತೋರಿಸುತ್ತೆ. ಅದರಲ್ಲಿ 05, ಸಿ5, ಸಿ6 ಈ ಮೂರು ಸಾಲು ನೋಡಿ. 05 ಅಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು. ಸಿ5 ಅಂದರೆ ಓದಲು ಆಗದೆ ಅನುಮಾನದಲ್ಲಿರುವವು. ಸಿ6 ತಿದ್ದಲು ಆಗದವು. ಮೂರೂ ಸೊನ್ನೆ ಇದ್ದರೆ ಧೈರ್ಯವಾಗಿ ಇಮೇಜ್ ತೆಗೆಯಿರಿ. ಸಿ5 ಏರುತ್ತಾ ಹೋದರೆ ಡಿಸ್ಕ್ ಸಾಯುವ ದಾರಿಯಲ್ಲಿದೆ ಅಂತ ಅರ್ಥ. ಅಂಥದ್ದರ ಮೇಲೆ ಗಂಟೆಗಟ್ಟಲೆ ಸ್ಕ್ಯಾನ್ ಓಡಿಸಬಾರದು.

ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ ಯಾವ ಸಾಫ್ಟ್‌ವೇರೂ ಬೇಡ. ಆ ಕ್ಷಣ ಆಫ್ ಮಾಡಿ. ಅದು ಸಾಮಾನ್ಯವಾಗಿ ಒಳಗಿನ ಹೆಡ್ ಕೆಟ್ಟಿರುವ ಸದ್ದು. ಓಡಿಸಿದಷ್ಟೂ ತಟ್ಟೆ ಮೇಲೆ ಗೀರು ಬೀಳಬಹುದು. ಗೀರು ಬಿದ್ದ ಜಾಗದಲ್ಲಿ ಇದ್ದದ್ದನ್ನು ಯಾರೂ ವಾಪಸ್ ಕೊಡಲಾರರು. ಅಂಥ ಡಿಸ್ಕನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ಕೆಲಸ ಮಾಡುವ ಲ್ಯಾಬಿಗೇ ಕೊಡಬೇಕು. ಫ್ರಿಜ್‌ನಲ್ಲಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಬೆಳ್ಳಿಚುಕ್ಕಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ಕಥೆ, ಆದರೆ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ. ಪಾರ್ಟಿಷನ್ ಡಿಲೀಟ್ ಮಾಡಿ ಕ್ವಿಕ್ ಫಾರ್ಮ್ಯಾಟ್ ಮಾಡಿದೆ. ಮೂರು ಸಾಫ್ಟ್‌ವೇರ್ ಓಡಿಸಿದೆ. ಒಂದರಲ್ಲಿ ಕೆಲವು ಹೆಸರು ಬಂತು, ಫೈಲ್ ತೆರೆದರೆ ಒಳಗೆ ಏನೂ ಇಲ್ಲ. ಫೋಟೋ ಸ್ಕ್ಯಾನ್‌ನಲ್ಲಿ ಒಂದೂ ಸಿಗಲಿಲ್ಲ. ಯಾಕೆ?

ಸೊನ್ನೆಒಂದು

ಬೆಳ್ಳಿಚುಕ್ಕಿ ಅವರೇ, ಇದನ್ನು ಹೇಳಲು ನನಗೆ ನಿಜವಾಗಿ ಬೇಜಾರು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವ ಒಂದು ಆಜ್ಞೆ ಇರುತ್ತೆ. ಈ ಜಾಗ ಇನ್ನು ಬೇಕಿಲ್ಲ ಅಂತ ವಿಂಡೋಸ್ ಡಿಸ್ಕಿಗೆ ತಿಳಿಸುವ ಮಾತು ಅದು. ವಿಂಡೋಸ್‌ನಲ್ಲಿ ಇದು 2009ರ ವಿಂಡೋಸ್ 7ರಿಂದ ಬಂತು. ಕ್ವಿಕ್ ಫಾರ್ಮ್ಯಾಟ್ ಕೊಟ್ಟರೆ ಇಡೀ ವಾಲ್ಯೂಮಿಗೇ ಟ್ರಿಮ್ ಹೋಗುತ್ತೆ. ಆಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಬರೋದು ಸೊನ್ನೆ. ಹಳೇ ಹಾರ್ಡ್ ಡಿಸ್ಕಿನಲ್ಲಿ ಹೊಸದು ಬರೆಯೋವರೆಗೂ ಹಳೆಯದು ಇರುತ್ತೆ. ಎಸ್‌ಎಸ್‌ಡಿ ಹಾಗಲ್ಲ, ತಾನೇ ಹಿನ್ನೆಲೆಯಲ್ಲಿ ಗುಡಿಸಿಬಿಡುತ್ತೆ. ನಾಲ್ಕನೇ ಸಾಫ್ಟ್‌ವೇರಿಗೆ ಹಣ ಕೊಡಬೇಡಿ. ಫೋನ್, ಮೇಲ್, ಕ್ಲೌಡ್, ಯಾರಿಗಾದರೂ ಕಳಿಸಿದ ನಕಲು, ಅಲ್ಲಿ ಹುಡುಕಿ.

ಎಸ್‌ಎಸ್‌ಡಿ ಇರುವ ಬೇರೆಯವರಿಗೆ: ಪಟ್ಟಿಯ ಸಾಲು ಮಾತ್ರ ಹೋಗಿ, ಫಾರ್ಮ್ಯಾಟ್ ಆಗದೆ, ಟ್ರಿಮ್ ಹೋಗಿರದಿದ್ದರೆ ಟೆಸ್ಟ್‌ಡಿಸ್ಕ್‌ಗೆ ಇನ್ನೂ ಅವಕಾಶ ಇದೆ. ತಡ ಮಾಡದೆ ಪವರ್ ತೆಗೆಯಿರಿ. ಲಿನಕ್ಸ್‌ನವರೂ ಗಮನಿಸಿ, ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವ ಆಜ್ಞೆ ತಾನಾಗೇ ಇದೇ ಕೆಲಸ ಮಾಡುತ್ತೆ. ಗೆರೆಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ ಎಸ್‌ಎಂಆರ್ ಬಗೆಯ ಕೆಲವು ಹಾರ್ಡ್ ಡಿಸ್ಕ್‌ಗಳೂ ಟ್ರಿಮ್ ಒಪ್ಪಿಕೊಳ್ಳುತ್ತವೆ. ಹಾಗಾಗಿ ಹಾರ್ಡ್ ಡಿಸ್ಕ್ ಅಂತ ಕಣ್ಣು ಮುಚ್ಚಿ ನಂಬಬೇಡಿ.

ಬೆಳ್ಳಿಚುಕ್ಕಿ

ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಒಂದು ವಾರದಿಂದ ಸುಮ್ನೆ ಸ್ಕ್ಯಾನ್ ಮಾಡ್ತಾ ಕೂತಿದ್ದೆ. ಹಳೇ ಫೋನ್ ತೆಗೆದು ನೋಡುತ್ತೇನೆ.

ನಕ್ಷೆಮನೆ

ಎರಡು ದಿನ ಆಯ್ತು. ಸ್ಮಾರ್ಟ್ ನೋಡಿದೆ, ಮೂರೂ ಸಾಲು ಸೊನ್ನೆ. ತಮ್ಮನ ಹತ್ತಿರ 4 ಟಿಬಿ ಡಿಸ್ಕ್ ಇತ್ತು, ತಂದೆ. ಡಿಡಿರೆಸ್ಕ್ಯೂ ಎರಡು ಮುಕ್ಕಾಲು ಗಂಟೆ ತಗೊಂಡಿತು, ಒಂದೂ ಎರರ್ ಇಲ್ಲ. ಮೂಲ ಡಿಸ್ಕ್ ಈಗ ಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿದೆ.

ಇಮೇಜ್ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿದೆ. ಕ್ವಿಕ್ ಸರ್ಚ್‌ನಲ್ಲಿ ಹೊಸ 931 ಜಿಬಿ ವಾಲ್ಯೂಮ್ ಒಂದೇ ಕಾಣಿಸಿತು. ಗಾಬರಿಯಾಯಿತು. ಆಮೇಲೆ ಡೀಪರ್ ಸರ್ಚ್ ಕೊಟ್ಟು ರಾತ್ರಿ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಮೂರು ಸಾಲು! ಹೊಸದು, ಅದರ ಕೆಳಗೆ 629145600 ಸೆಕ್ಟರಿನ ಒಂದು, ಇನ್ನೊಂದು ದೊಡ್ಡದು. 629145600ನ್ನು 512ರಿಂದ ಗುಣಿಸಿ ನೋಡಿದೆ, ಸರಿಯಾಗಿ 300 ಜಿಬಿ. ಅದು ನನ್ನ ಡಿ. ಆ ಸಾಲು ಆರಿಸಿದಾಗ ಕೆಳಗೆ ಬ್ಯಾಕಪ್ ಸೆಕ್ಟರ್ ಬಳಸಿ ಸಿಕ್ಕಿದ್ದು ಅನ್ನುವ ಅರ್ಥದ ಮಾತು ಬಂತು.

ದೊಡ್ಡ ಸಾಲಿನ ಮೇಲೆ ನಿಂತು ಪಿ ಒತ್ತಿದೆ. ಇ ಡ್ರೈವಿನ ಫೋಲ್ಡರೆಲ್ಲ ಬಂತು. ಇಂಗ್ಲಿಷಿನಲ್ಲಿ ಹೆಸರಿಟ್ಟವು ಸರಿ ಇವೆ, ಕನ್ನಡದಲ್ಲಿ ಇಟ್ಟಿದ್ದವು ಆ ಕಪ್ಪು ಪರದೆಯಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತವೆ. ಅವು ಹೋದವಾ?

ಡಿ ಮೇಲೆ ನಿಂತು ಪಿ ಒತ್ತಿದರೆ ಖಾಲಿ.

ಸೊನ್ನೆಒಂದು

ಚೌಕಗಳಿಗೆ ಹೆದರಬೇಡಿ. ಎನ್‌ಟಿಎಫ್‌ಎಸ್ ಹೆಸರುಗಳನ್ನು ಯೂನಿಕೋಡಿನಲ್ಲಿ ಇಡುತ್ತೆ, ಕನ್ನಡ ಸೇರಿ. ಆ ಕಪ್ಪು ಪರದೆಗೆ ಕನ್ನಡ ತೋರಿಸಲು ಬರಲ್ಲ, ಅಷ್ಟೇ. ಹೆಸರು ಒಳಗೆ ಸರಿಯಾಗೇ ಇದೆ. ಟೆಸ್ಟ್‌ಡಿಸ್ಕ್‌ನಲ್ಲೇ ಎಲ್ಲ ಫೋಲ್ಡರ್ ಗುರುತು ಮಾಡಿ, ಕಾಪಿ ಕೊಟ್ಟು, ತಮ್ಮನ ಡಿಸ್ಕಿಗೆ ಇಳಿಸಿಕೊಳ್ಳಿ. ಚಿಕ್ಕ ಫೋಲ್ಡರ್ ಒಂದನ್ನು ಮೊದಲು ಇಳಿಸಿ, ಹೆಸರು ಹೇಗೆ ಬಂತು ಅಂತ ನೋಡಿ. ಗೊಂದಲ ಆದರೆ ಡಿಎಂಡಿಇಯಂಥ ಕಿಟಕಿ ಇರುವ ಸಾಫ್ಟ್‌ವೇರಿನಲ್ಲಿ ಇದೇ ಇಮೇಜ್ ತೆರೆಯಬಹುದು.

ಡಿ ಖಾಲಿ ಕಂಡಿದ್ದು ನಿರೀಕ್ಷೆ ಮಾಡಿದ್ದೇ. ವಾಲ್ಯೂಮಿನ ಅಳತೆ, ಎಂಎಫ್‌ಟಿ ಎಲ್ಲಿದೆ ಅನ್ನೋದನ್ನೆಲ್ಲ ಬರೆದಿರುವ ಮೊದಲ ಸೆಕ್ಟರ್ ಬೂಟ್ ಸೆಕ್ಟರ್. ಎನ್‌ಟಿಎಫ್‌ಎಸ್ ಅದರ ಒಂದು ನಕಲನ್ನು ವಾಲ್ಯೂಮಿನ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತೆ. ನಿಮ್ಮ ಡಿಯ ಶುರುವಿನ ಬೂಟ್ ಸೆಕ್ಟರ್ ಮೇಲೆ ಹೊಸದು ಕೂತಿದೆ. ಆದರೆ ಕೊನೆಯ ನಕಲು ಇ ಶುರುವಾಗುವುದಕ್ಕೆ ಮುಂಚೆ ಹಾಗೇ ಉಳಿದಿದೆ. ಟೆಸ್ಟ್‌ಡಿಸ್ಕ್ ಹಿಡಿದದ್ದು ಅದನ್ನೇ. ಆದರೆ ಅದು ತೋರಿಸುವ ಜಾಗಕ್ಕೆ ಹೋದರೆ ಸಿಗೋದು ಹೊಸ ಎಂಎಫ್‌ಟಿ. ಮೂಲ ಫೋಲ್ಡರಿನ ದಾಖಲೆ ಎಂಎಫ್‌ಟಿಯಲ್ಲಿ 5ನೇ ನಂಬರಿನದು. ಅದೇ ಹೊಸದಾಗಿರೋದರಿಂದ ಮನೆ ಖಾಲಿ ಕಾಣುತ್ತೆ.

ಈಗ ಬೇಕಾಗಿರೋದು ಬೇರೆ ಥರದ ಸ್ಕ್ಯಾನ್. ಎಂಎಫ್‌ಟಿಯ ಪ್ರತಿ ದಾಖಲೆಯೂ ಫೈಲ್ ಅನ್ನುವ ನಾಲ್ಕು ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತೆ. ಇಡೀ ಇಮೇಜನ್ನು ಓದಿ ಅಂಥ ಒಂದೊಂದು ದಾಖಲೆಯನ್ನೂ ಹೆಕ್ಕಿ, ಹಳೇ ಫೋಲ್ಡರ್ ಜೋಡಣೆಯನ್ನು ಮರಳಿ ಕಟ್ಟುವ ಸಾಫ್ಟ್‌ವೇರ್‌ಗಳಿವೆ. ಡಿಎಂಡಿಇ, ಆರ್-ಸ್ಟುಡಿಯೋ, ಯುಎಫ್‌ಎಸ್ ಎಕ್ಸ್‌ಪ್ಲೋರರ್ ಎಲ್ಲ ಇದನ್ನು ಮಾಡುತ್ತವೆ. ಡಿಎಂಡಿಇಯ ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4000 ಫೈಲ್‌ವರೆಗೆ ಇಳಿಸಬಹುದು. ನಿಮ್ಮ ಡ್ರಾಯಿಂಗಿಗೆ ಅದು ಸಾಕಾಗಬಹುದು. ಫುಲ್ ಸ್ಕ್ಯಾನ್ ಕೊಡಿ, ಎನ್‌ಟಿಎಫ್‌ಎಸ್ ಮಾತ್ರ ಟಿಕ್ ಮಾಡಿ.

ಕಡಲತೀರ

ಹಣ ಕೊಟ್ಟು ಕೊಳ್ಳುವ ಯಾವುದೇ ಸಾಫ್ಟ್‌ವೇರ್ ಆಗಲಿ, ಮೊದಲು ಪ್ರಿವ್ಯೂ ನೋಡಿ. ಪಟ್ಟಿಯಲ್ಲಿ ಸಾವಿರ ಹೆಸರು ಕಾಣಿಸಿತು ಅಂದರೆ ಸಾವಿರ ಫೈಲ್ ಚೆನ್ನಾಗಿವೆ ಅಂತಲ್ಲ. ಹೆಸರು ಎಂಎಫ್‌ಟಿಯಿಂದ ಬರುತ್ತೆ, ಒಳಗಿನ ಸರಕು ಇನ್ನೆಲ್ಲೋ ಇರುತ್ತೆ. ನಾಲ್ಕೈದು ದೊಡ್ಡ ಫೈಲ್ ತೆರೆದು ನೋಡಿ, ಆಮೇಲೆ ಹಣದ ಮಾತು. ಕ್ರ್ಯಾಕ್ ಮಾಡಿದ್ದನ್ನಂತೂ ಹಾಕಲೇಬೇಡಿ, ಈ ಹೊತ್ತಿನಲ್ಲಿ ವೈರಸ್ ಕೂಡ ಸೇರಿದರೆ ಕಷ್ಟ.

ಫೋಟೋರೆಕ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತೆ, ಎರಡನ್ನೂ ಬರೆದವರು ಕ್ರಿಸ್ಟೋಫ್ ಗ್ರೆನಿಯೆ. ಇದು ಫೈಲ್ ಸಿಸ್ಟಮ್ ಕಡೆ ತಿರುಗಿಯೂ ನೋಡಲ್ಲ. ಜೆಪೆಗ್ ಫೋಟೋ ಎಫ್‌ಎಫ್, ಡಿ8, ಎಫ್‌ಎಫ್ ಅನ್ನುವ ಬೈಟ್‌ಗಳಿಂದ ಶುರುವಾಗುತ್ತೆ. ವರ್ಡ್‌ನ ಹೊಸ ಫೈಲ್‌ಗಳು ಒಳಗೆ ಜಿಪ್ ಆಗಿರೋದರಿಂದ ಪಿಕೆ ಅನ್ನುವ ಎರಡು ಅಕ್ಷರದಿಂದ. ಆಟೋಕ್ಯಾಡ್ ಡ್ರಾಯಿಂಗ್ ಎಸಿ10 ಅಂತ ಶುರುವಾಗಿ ಮುಂದೆ ಆವೃತ್ತಿಯ ಅಂಕಿ. ಫೋಟೋರೆಕ್ ಈ ಗುರುತು ನೋಡಿ ಎತ್ತುತ್ತೆ. ಎಂಎಫ್‌ಟಿ ಪೂರ್ತಿ ಹಾಳಾಗಿದ್ದರೂ ಕೆಲಸ ಮಾಡುತ್ತೆ.

ಆದರೆ ಹೆಸರು ಸಿಗಲ್ಲ, ಫೋಲ್ಡರ್ ಸಿಗಲ್ಲ. ಎಫ್ ಅಕ್ಷರ, ಮುಂದೆ ಸೆಕ್ಟರ್ ನಂಬರ್, ಅದೇ ಹೆಸರು. ಫೈಲ್ ಡಿಸ್ಕಿನಲ್ಲಿ ಎರಡು ಮೂರು ತುಂಡಾಗಿ ಕೂತಿದ್ದರೆ ಅರ್ಧ ಫೋಟೋ ಬಂದು ಕೆಳಗಿನರ್ಧ ಬೂದು ಬಣ್ಣ ಆಗಿರುತ್ತೆ. ನಾನು ಹಿಂದೆ ಹೀಗೆ ನಲವತ್ತು ಸಾವಿರ ಫೋಟೋ ವಾಪಸ್ ತಂದೆ. ಬ್ರೌಸರ್ ಕ್ಯಾಶ್‌ನ ಚಿಕ್ಕಪುಟ್ಟ ಚಿತ್ರಗಳೂ ಅದರಲ್ಲೇ ಸೇರಿದ್ದವು. 100 ಕೆಬಿಗಿಂತ ಚಿಕ್ಕದ್ದನ್ನು ಬೇರೆ ತೆಗೆದಿಟ್ಟೆ. ಫೋಟೋ ಒಳಗೇ ಬರೆದಿರುವ ಎಕ್ಸಿಫ್ ತಾರೀಕು ನೋಡಿ ಎಕ್ಸಿಫ್‌ಟೂಲ್‌ನಿಂದ ವರ್ಷ, ತಿಂಗಳ ಫೋಲ್ಡರ್ ಮಾಡಿದೆ. ಫೋಟೋಗೆ ಆ ದಾರಿ ಇದೆ. ನಕ್ಷೆಗೆ ಹೆಸರೇ ಜೀವ ಅಲ್ವಾ, ಅದಕ್ಕೆ ಫೋಟೋರೆಕ್ ಕೊನೆಯಲ್ಲಿ ಇಟ್ಟುಕೊಳ್ಳಿ.

ತಿರುಗುಬಾಣ

ನಾನು ಮೇಲೆ ಆತುರದಲ್ಲಿ ಹೇಳಿದ್ದಕ್ಕೆ ಕ್ಷಮೆ ಇರಲಿ, ನಕ್ಷೆಮನೆ ಅವರೇ. ನನ್ನ ಎರಡೂ ಸಲ ಬರೀ ಡಿಲೀಟ್ ಆಗಿತ್ತು, ಮೇಲೆ ಫಾರ್ಮ್ಯಾಟ್ ಇರಲಿಲ್ಲ. ಆ ವ್ಯತ್ಯಾಸ ಇಷ್ಟು ದೊಡ್ಡದು ಅಂತ ಇವತ್ತು ತಿಳಿಯಿತು.

ಒಂದು ಪ್ರಶ್ನೆ. ಎಕ್ಸ್‌ಟರ್ನಲ್ ಡಿಸ್ಕ್ ಒಂದರ ಡಬ್ಬಿ ಕೆಟ್ಟಿತು ಅಂತ ಒಳಗಿನ ಡಿಸ್ಕ್ ತೆಗೆದು ಕಂಪ್ಯೂಟರಿಗೆ ನೇರ ಸಿಕ್ಕಿಸಿದೆ. ಪಾರ್ಟಿಷನ್ನೇ ಇಲ್ಲ, ಇನಿಶಿಯಲೈಸ್ ಮಾಡಿ ಅಂತ ಕೇಳುತ್ತಿದೆ. ಯಾರೂ ಡಿಲೀಟ್ ಮಾಡಿಲ್ಲ.

ಹಳೇಡಿಸ್ಕ್

ಇನಿಶಿಯಲೈಸ್ ಒತ್ತಬೇಡಿ! ಇದು ನಾನು ತುಂಬ ನೋಡಿರುವ ಸಂಗತಿ. ಕೆಲವು ಡಬ್ಬಿಗಳ ಒಳಗಿನ ಬೋರ್ಡ್ 512 ಬೈಟಿನ ಸೆಕ್ಟರನ್ನು ಕಂಪ್ಯೂಟರಿಗೆ 4096 ಅಂತ ಹೇಳುತ್ತೆ. ಪಾರ್ಟಿಷನ್ ಪಟ್ಟಿಯಲ್ಲಿರೋದು ಸೆಕ್ಟರ್ ಲೆಕ್ಕ. ಡಬ್ಬಿಯಿಂದ ತೆಗೆದ ತಕ್ಷಣ ಆ ಲೆಕ್ಕ ಎಂಟು ಪಟ್ಟು ತಪ್ಪುತ್ತೆ. ಡೇಟಾ ಒಂದಿಷ್ಟೂ ಹಾಳಾಗಿಲ್ಲ, ಅಳತೆಗೋಲು ಬದಲಾಗಿದೆ. ಅದೇ ಮಾದರಿಯ ಡಬ್ಬಿಗೆ ವಾಪಸ್ ಹಾಕಿದರೆ ಎಲ್ಲ ಬರುತ್ತೆ. ಅದು ಸಿಗದಿದ್ದರೆ ಸೆಕ್ಟರ್ ಅಳತೆ ಬದಲಿಸಿ ನೋಡಲು ಬಿಡುವ ರಿಕವರಿ ಸಾಫ್ಟ್‌ವೇರ್ ಬೇಕು. ಇನ್ನು ಕೆಲವು ಡಬ್ಬಿಗಳು ಬರೆಯುವಾಗಲೇ ಎನ್‌ಕ್ರಿಪ್ಟ್ ಮಾಡುತ್ತವೆ, ನೀವು ಪಾಸ್‌ವರ್ಡ್ ಇಟ್ಟಿರದಿದ್ದರೂ. ಅಂಥದ್ದರಲ್ಲಿ ಆ ಬೋರ್ಡೇ ಬೀಗದ ಕೈ. ಹಳೇ ಬೋರ್ಡ್ ಎಸೆಯಬೇಡಿ.

ಬೀಗದ ಮಾತು ಬಂತಲ್ಲ, ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್ ಹಾಕಿದ ಪಾರ್ಟಿಷನ್ ಹೋಗಿದ್ದರೆ ಮೊದಲು ಹುಡುಕಬೇಕಾದ್ದು 48 ಅಂಕಿಯ ರಿಕವರಿ ಕೀ. ಕೀ ಅಥವಾ ಪಾಸ್‌ವರ್ಡ್ ಇಲ್ಲದೆ ಯಾವ ಸ್ಕ್ಯಾನೂ ಉಪಯೋಗಕ್ಕೆ ಬರಲ್ಲ.

ನಕ್ಷೆಮನೆ

ಬಂತು!!

ಇ ಡ್ರೈವ್ ಪೂರ್ತಿ ಇಳಿಸಿದೆ. ಕನ್ನಡದ ಹೆಸರುಗಳು ಎಕ್ಸ್‌ಪ್ಲೋರರಿನಲ್ಲಿ ಸರಿಯಾಗಿ ಓದಲು ಬರುತ್ತವೆ. ಮಗಳು ಮೊದಲ ಸಲ ಎದ್ದು ನಿಂತ ವೀಡಿಯೋ ಹಾಕಿ ನೋಡಿದೆ. ಕುರ್ಚಿ ಹಿಡಿದು ಎದ್ದು, ಕೈ ಬಿಟ್ಟು, ಎರಡು ಸೆಕೆಂಡ್ ನಿಂತು ಕೂತುಬಿಡುತ್ತಾಳೆ. ಹಿಂದಿನಿಂದ ನನ್ನದೇ ಕೂಗು ಕೇಳುತ್ತೆ. ಪೂರ್ತಿ ಹನ್ನೊಂದು ಸೆಕೆಂಡ್. ಒಂದು ಚೌಕವೂ ಒಡೆದಿಲ್ಲ. ಸೊನ್ನೆಒಂದು ಅವರೇ, ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ.

ಡಿಗೆ ಡಿಎಂಡಿಇ ಫುಲ್ ಸ್ಕ್ಯಾನ್ ಮಾಡಿದೆ. ನೀವು ಹೇಳಿದ ಹಾಗೇ ಆಗಿದೆ. ಡ್ರಾಯಿಂಗ್ ಫೈಲ್‌ಗಳ ಹೆಸರು ಹೆಚ್ಚಿನವು ಬಂದಿವೆ, ಆದರೆ ಮೇಲಿನ ಫೋಲ್ಡರ್‌ಗಳಿಗೆ ಹೆಸರಿಲ್ಲ, ಬರೀ ನಂಬರ್. ನನ್ನ ಹಳೇ ಗಿರಾಕಿಗಳ ಫೋಲ್ಡರ್‌ಗಳೆಲ್ಲ ಹೀಗಾಗಿವೆ. ಹೊಸಬರದ್ದು ಹೆಸರಿನ ಸಮೇತ ಇವೆ. ಇದೇಕೆ ಹೀಗೆ?

ಸೊನ್ನೆಒಂದು

ಆ ವೀಡಿಯೋದ ವಿಷಯ ಓದಿ ನನಗೂ ತುಂಬ ಖುಷಿಯಾಯಿತು.

ಎಂಎಫ್‌ಟಿಯಲ್ಲಿ ದಾಖಲೆಗಳು ಹೆಚ್ಚುಕಡಿಮೆ ಬಂದ ಸರದಿಯಲ್ಲಿ ಕೂರುತ್ತವೆ. ಡಿಸ್ಕ್ ಹೊಸದಾಗಿದ್ದಾಗ ನೀವು ಮೊದಲು ಮಾಡಿದ ಫೋಲ್ಡರ್‌ಗಳು ಪುಸ್ತಕದ ಮೊದಲ ಹಾಳೆಗಳಲ್ಲಿದ್ದವು. ಹೊಸ ಫಾರ್ಮ್ಯಾಟ್ ತಿಂದಿದ್ದು ಆ ಹಾಳೆಗಳನ್ನೇ. ಅದಕ್ಕೇ ಹಳೇ ಗಿರಾಕಿಗಳ ಹೆಸರು ಹೋಯಿತು. ಆದರೆ ಪ್ರತಿ ಫೈಲಿನ ದಾಖಲೆಯಲ್ಲೂ ತನ್ನ ಫೋಲ್ಡರಿನ ನಂಬರ್ ಬರೆದಿರುತ್ತೆ. ಹಾಗಾಗಿ ಹೆಸರಿಲ್ಲದಿದ್ದರೂ ಒಂದು ಫೋಲ್ಡರಿನ ಫೈಲ್‌ಗಳು ಒಟ್ಟಿಗೇ ಬಂದಿವೆ, ಕಲಸಿಹೋಗಿಲ್ಲ. ಒಂದೊಂದರಲ್ಲಿ ಒಂದು ಡ್ರಾಯಿಂಗ್ ತೆರೆದು, ಮೂಲೆಯಲ್ಲಿರುವ ಹೆಸರಿನ ಚೌಕಟ್ಟು ನೋಡಿದರೆ ಯಾರದ್ದು ಅಂತ ತಿಳಿಯುತ್ತೆ. ಫೋಲ್ಡರಿಗೆ ಮತ್ತೆ ಹೆಸರಿಡಿ.

ಕೆಲವು ಫೈಲ್ ತೆರೆಯದೇ ಇರಬಹುದು. ಹೊಸ ಫಾರ್ಮ್ಯಾಟ್ ಎಂಎಫ್‌ಟಿ ಜೊತೆಗೆ ಲಾಗ್, ಜಾಗದ ಬಿಟ್‌ಮ್ಯಾಪ್ ಅಂತ ಇನ್ನೂ ಹತ್ತಾರು ಎಂಬಿಯಷ್ಟು ಬರೆಯುತ್ತೆ. ಅದರಡಿ ಸಿಕ್ಕವು ಹೋದ ಹಾಗೇ.

ನಕ್ಷೆಮನೆ

ಮೂರು ಸಂಜೆ ಕೂತು 63 ಫೋಲ್ಡರಿಗೆ ಹೆಸರಿಟ್ಟೆ. ಕೆಲವು ನಕ್ಷೆ ನೋಡಿದ ತಕ್ಷಣ ಮನೆಯೇ ಕಣ್ಣಿಗೆ ಬಂತು. ಒಂದರಲ್ಲಿ ಮೆಟ್ಟಿಲು ಎಲ್ಲಿಡಬೇಕು ಅಂತ ನಾಲ್ಕು ಸಲ ಬದಲಿಸಿದ್ದು, ನಾಲ್ಕೂ ಇವೆ.

ಇನ್ನು 44 ಡ್ರಾಯಿಂಗ್ ಬಾಕಿ. ಕೆಲವು ತೆರೆಯುತ್ತಿಲ್ಲ, ಆಟೋಕ್ಯಾಡ್‌ನ ರಿಕವರ್ ಆಜ್ಞೆಗೂ ಬಗ್ಗಲಿಲ್ಲ. ಕೆಲವು ಸಿಗಲೇ ಇಲ್ಲ. ಅವುಗಳಲ್ಲಿ ಒಂದು ಈಗ ಕಟ್ಟುತ್ತಿರುವ ಮನೆಯದ್ದು.

ಗುಬ್ಬಿಗೂಡು

ಬಿಎಕೆ ಫೈಲ್ ನೋಡಿದಿರಾ? ಡ್ರಾಯಿಂಗ್ ಸೇವ್ ಮಾಡಿದಾಗ ಆಟೋಕ್ಯಾಡ್ ಹಿಂದಿನ ಸಲದ್ದನ್ನು ಬಿಎಕೆ ಅನ್ನುವ ಕೊನೆಯ ಹೆಸರಿನಲ್ಲಿ ಪಕ್ಕದಲ್ಲೇ ಇಟ್ಟಿರುತ್ತೆ, ನೀವು ಆ ಸೆಟ್ಟಿಂಗ್ ಆಫ್ ಮಾಡಿರದಿದ್ದರೆ. ಡಿಸ್ಕಿನಲ್ಲಿ ಅದು ಬೇರೆ ಜಾಗದಲ್ಲಿ ಕೂತಿರುತ್ತೆ. ಹಾಗಾಗಿ ಒಂದು ಹೋದರೂ ಇನ್ನೊಂದು ಉಳಿದಿರಬಹುದು. ಡಿಎಂಡಿಇಯಲ್ಲಿ ಬಿಎಕೆ ಅಂತ ಹುಡುಕಿ. ಸಿಕ್ಕಿದ್ದನ್ನು ಇಳಿಸಿ, ನಕಲು ಮಾಡಿ, ಕೊನೆಯ ಮೂರು ಅಕ್ಷರ ಡಿಡಬ್ಲ್ಯುಜಿ ಅಂತ ಬದಲಿಸಿ ತೆರೆಯಿರಿ. ಅದೂ ಆಗದಿದ್ದರೆ ಈಗ ಫೋಟೋರೆಕ್ ಸರದಿ. ಡ್ರಾಯಿಂಗ್ ಒಂದೇ ಬಗೆ ಆರಿಸಿ, ಡಿ ಇದ್ದ ಜಾಗದಲ್ಲಿ ಮಾತ್ರ ಓಡಿಸಿ.

ನಕ್ಷೆಮನೆ

ಬಿಎಕೆಯಿಂದ 31 ಬಂದವು! ಕಟ್ಟುತ್ತಿರುವ ಮನೆಯದ್ದೂ ಸೇರಿ. ಒಂದು ದಿನ ಹಿಂದಿನದ್ದು, ಅಡುಗೆಮನೆಯ ಕಿಟಕಿ ಮಾತ್ರ ಮತ್ತೆ ಎಳೆಯಬೇಕು. ಫೋಟೋರೆಕ್‌ನಿಂದ ಇನ್ನೂ 6 ಸಿಕ್ಕವು, ಹೆಸರಿಲ್ಲದೆ. ಉಳಿದ 7ಕ್ಕೆ ಗಿರಾಕಿಗಳಿಗೆ ಕಳಿಸಿದ್ದ ಪಿಡಿಎಫ್ ಮೇಲ್‌ನಲ್ಲಿವೆ, ನೋಡಿಕೊಂಡು ಮತ್ತೆ ಎಳೆಯುತ್ತೇನೆ.

ಮೂಲ ಡಿಸ್ಕ್ ಇನ್ನೂ ಬೀರುವಿನಲ್ಲೇ ಇದೆ. ವಾಪಸ್ ಬಂದದ್ದೆಲ್ಲ ಈಗ ಎರಡು ಬೇರೆ ಬೇರೆ ಡಿಸ್ಕಿನಲ್ಲಿದೆ, ಒಂದು ತಮ್ಮನ ಮನೆಯಲ್ಲಿ. ಈ ಏಳೂ ಮುಗಿಯುವವರೆಗೆ ಹಳೆಯದನ್ನು ಮುಟ್ಟುವುದಿಲ್ಲ.